ಗ್ರಾಹಕರಿಗೆ ಮಾತ್ರ

ಕೊರಿಯಾದ ಸೋಲ್ ನಗರದಲ್ಲಿ ನೋಡಲೇಬೇಕಾದ ಮಾಲುಗಳು ಯಾವುವೆಂದು ಹತ್ತು ಜನರನ್ನು ವಿಚಾರಿಸಿಕೊಂಡು ಹೋಗಿಬಂದ ಮಹನೀಯರೇ, ನನ್ನದೊಂದು ಪ್ರಶ್ನೆಗೆ ಉತ್ತರ ಕೊಡಿ. ನೀವು ಆ ದೊಡ್ಡ ಗಾಜಿನ ತೂಗುದೀಪದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿರಿ. ಜಾರುಮೆಟ್ಟಿಲ ಮೇಲೆ ನಿಂತು ಮಹಡಿಯಿಂದ ಮಹಡಿಗೆ ತೇಲಿದಿರಿ. ನಡುವೆ ಎರಡು ಸಲ ಶೌಚಾಲಯಕ್ಕೆ ಹೋಗಿ, ಅದು ಎಷ್ಟು ಸ್ವಚ್ಛವಾಗಿದೆ, ಊಟದೆಲೆಯನ್ನೇ ಹಾಸಬಹುದು ಎಂದು ಮನೆಯವರಿಗೆ ವರ್ಣಿಸಿದಿರಿ. ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ನಿಂತೇ ಇದ್ದು ನಿಮಗೆ ಪಾತ್ರೆ, ಬಟ್ಟೆ, ಬೂಟು ತೋರಿಸಿದ ಆ ಹೆಂಗಸು ಎಲ್ಲಿಗೆ ಹೋದಳು? ಅವಳಿಗೂ ನಿಮ್ಮಂತೆಯೇ ಒಂದು ಮೂತ್ರಕೋಶವಿದೆಯೆಂಬುದು ನಿಮಗೆ ಹೊಳೆಯಲೇ ಇಲ್ಲವೇ?

ಹೊಳೆಯಲಿಲ್ಲ. ಹೊಳೆಯಬಾರದೆಂದೇ ಆ ಮಾಲನ್ನು ಹಾಗೆ ಕಟ್ಟಿದ್ದಾರೆ.

ಮಲ್ಸುನ್ ಅಲ್ಲಿ ಎಂಟನೇ ಮಹಡಿಯಲ್ಲಿ ಎರಕದ ಕಬ್ಬಿಣದ ಅನ್ನದ ಪಾತ್ರೆ ಮಾರುವವಳು. ವಯಸ್ಸು ಐವತ್ತು ದಾಟಿದೆ. ಮೊಕ್ಪೊ ಬಂದರಿನ ಮೀನುಗಾರನ ಮನೆಯಲ್ಲಿ ಸಾಲಾಗಿ ಹೆಣ್ಣುಗಳೇ ಹುಟ್ಟಿದಾಗ, ಇದೇ ಕೊನೆಯ ಹೆಣ್ಣಾಗಲಿ ಎಂದು ಅಪ್ಪ ಇಟ್ಟ ಹೆಸರು ಅದು. ಹೆಸರಿನಲ್ಲೇ ಸಾಕು ಎನ್ನಿಸಿಕೊಂಡು ಬಂದವಳಿಗೆ ಬದುಕಿನಲ್ಲಿ ಸಾಕು ಎನ್ನುವ ಅಭ್ಯಾಸವಿರಲಿಲ್ಲ. ಕೊಟ್ಟ ಕೆಲಸವನ್ನು ಮಾಡುತ್ತಿದ್ದಳು. ಅದರ ಮೇಲೆ ಇನ್ನೊಂದು ಕೊಟ್ಟರೆ ಅದನ್ನೂ ಮಾಡುತ್ತಿದ್ದಳು.

ಅವಳ ಕೆಲಸದ ಬಗೆ ಇದು. ಮಾರಾಟದ ಕಟ್ಟೆಯ ಮೇಲಿನ ಒಲೆಯಲ್ಲಿ ಆ ಪಾತ್ರೆಯನ್ನಿಟ್ಟು ಅನ್ನ ಮಾಡಬೇಕು. ಮುಚ್ಚಳ ತೆಗೆದಾಗ ಘಮ ಹರಡಬೇಕು. ಹಾದುಹೋಗುವವರು ನಿಂತರೆ ಒಂದು ಚಮಚ ಅನ್ನ ಕೊಡಬೇಕು. ತಳ ಹಿಡಿದ ಗರಿಗರಿ ಚಕ್ಕೆಯನ್ನು ಮುರಿದು ಮಕ್ಕಳ ಕೈಗಿಡಬೇಕು. ಕೊನೆಗೆ ಕಾಗದದ ಲೋಟದಲ್ಲಿ ಬಾರ್ಲಿ ಚಹಾ ಬಗ್ಗಿಸಬೇಕು. ದಿನವಿಡೀ ಊರಿಗೆಲ್ಲ ಚಹಾ ಬಗ್ಗಿಸುವ ಆ ಕೈ ತನ್ನ ಬಾಯಿಗೆ ಒಂದು ಗುಟುಕು ಹಾಕಿಕೊಳ್ಳುತ್ತಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಹೋಗುವುದೆಲ್ಲಿಗೆ?

ಅವಳ ಕಟ್ಟೆಯ ಹಿಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಒಂದು ಶೌಚಾಲಯವಿತ್ತು. ಬಾಗಿಲ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ‘ಗ್ರಾಹಕರಿಗೆ ಮಾತ್ರ’ ಎಂದು ಬರೆದಿತ್ತು. ಕೆಲಸಗಾರರದ್ದು ಎರಡನೇ ನೆಲಮಾಳಿಗೆಯಲ್ಲಿ, ಸರಕಿನ ಲಾರಿಗಳು ನಿಲ್ಲುವ ಕಡೆ. ಅಲ್ಲಿಗೆ ಹೋಗಲು ಜಾರುಮೆಟ್ಟಿಲು ಹತ್ತುವಂತಿಲ್ಲ. ಸಮವಸ್ತ್ರ ಗ್ರಾಹಕರ ಕಣ್ಣಿಗೆ ಬೀಳಬಾರದು. ಸರಕಿನ ಲಿಫ್ಟಿಗೆ ಕಾಯಬೇಕು. ಅದರಲ್ಲಿ ಪೆಟ್ಟಿಗೆ ತುಂಬಿದ್ದರೆ ಮೆಟ್ಟಿಲಿಳಿಯಬೇಕು. ಇಳಿದರೆ ಅಲ್ಲಿ ಇಡೀ ಮಾಲಿನ ಹೆಂಗಸರ ಸಾಲು. ಅಷ್ಟು ಹೊತ್ತು ಕಟ್ಟೆ ಬಿಟ್ಟರೆ ಮ್ಯಾನೇಜರನ ಬೈಗುಳ.

ಹೋಗುತ್ತೇನೆಂದು ಬಾಯಿಬಿಟ್ಟು ಹೇಳುವುದೂ ನಿಷಿದ್ಧ. ಅದಕ್ಕೊಂದು ಗುಪ್ತ ಮಾತಿತ್ತು: ಮೂರನೇ ನಂಬರ್. ಒಂದು ಎಂದರೆ ಊಟ, ಎರಡು ಎಂದರೆ ವಿರಾಮ, ಮೂರು ಎಂದರೆ ಇದು.

“ಅಕ್ಕಾ, ಮೂರು!” ಎಂದು ಪಕ್ಕದ ಕಟ್ಟೆಯಲ್ಲಿ ಟವೆಲು ಮಾರುವ ಹುಡುಗಿ ಬೊರಾ ಪಿಸುಗುಡುತ್ತಿದ್ದಳು. “ನನ್ ಕಟ್ಟೇನೂ ನೋಡ್ಕೋ. ಬದುಕಿದ್ರೆ ವಾಪಸ್ ಬರ್ತೀನಿ.”

“ಹೋಗಿ ಬಾ ತಾಯಿ. ಬರ್ತಾ ನನ್ ಪಾಲಿಂದೂ ಮುಗಿಸ್ಕೊಂಡು ಬಾ,” ಎನ್ನುತ್ತಿದ್ದಳು ಮಲ್ಸುನ್.

ನಗುತ್ತಿದ್ದರು. ನಗುವಾಗ ತೊಡೆ ಬಿಗಿಹಿಡಿಯುತ್ತಿದ್ದರು.

ಆ ಚಿನ್ನದಕ್ಷರದ ಬಾಗಿಲೊಳಗೆ ಪಿಂಗಾಣಿ ತಿಕ್ಕುವವಳು ಚುಂಜಾ. ಎಲ್ಲರಿಗಿಂತ ಹಿರಿಯಳು, ಬಾಯಿ ಜೋರು. ಅವಳೂ ಅಲ್ಲಿ ಕೂರುವಂತಿರಲಿಲ್ಲ.

“ನಾನೇ ತಿಕ್ಕಿದ್ದು, ನಾನೇ ಒರಸಿದ್ದು, ನಾನೇ ಹೂವಿನ್ ವಾಸ್ನೆ ಹೊಡೆದಿದ್ದು. ನಾನು ಮಾತ್ರ ಕುಂತ್ಕೊಳಂಗಿಲ್ಲ ಕಣವ್ವ,” ಎಂದು ಅವಳು ಆಗಾಗ ಹೇಳುವಳು. “ಅಡುಗೆ ಮಾಡೋಳು ಊಟ ಮಾಡಂಗಿಲ್ಲ ಅಂದಂಗಾಯ್ತು. ಥೂ, ಹೋಲ್ಕೆನೂ ಗಲೀಜಾಯ್ತು ಬುಡು.”

ಹಿಂದಿನ ಚಳಿಗಾಲದಲ್ಲಿ ಮಲ್ಸುನ್‌ಗೆ ಮೂತ್ರದಲ್ಲಿ ರಕ್ತ ಹೋಯಿತು. ಓಣಿಯ ಚಿಕಿತ್ಸಾಲಯದ ವೈದ್ಯೆ ಕನ್ನಡಕ ತೆಗೆದು ಕೇಳಿದಳು.

“ನೀರು ಕುಡಿಯಲ್ವಾ?”

“ಕುಡಿದ್ರೆ ಬರುತ್ತಲ್ಲ ಡಾಕ್ಟ್ರೇ.”

“ಬಂದ್ರೆ ಹೋಗಿ.”

“ಹೋಗೋಕೆ ಬಿಡಲ್ವಲ್ಲ.”

ವೈದ್ಯೆ ಕನ್ನಡಕವನ್ನು ಮತ್ತೆ ಏರಿಸಿ ಚೀಟಿ ಬರೆಯತೊಡಗಿದಳು. “ಹೀಗೇ ತಡ್ಕೊಂಡ್ರೆ ಸೋಂಕು ಮೂತ್ರಪಿಂಡಕ್ಕೆ ಹತ್ತುತ್ತೆ. ಆಮೇಲೆ ಯಾರೂ ಬಿಡ್ಬೇಕಾಗಿಲ್ಲ, ನೀವೇ ಆಸ್ಪತ್ರೆಯಲ್ಲಿ ಮಲಗಿರ್ತೀರಿ. ಮಾಲಿನವರಿಗೆ ಹೇಳಿ.”

ಹೇಳಿದ್ದಳು. ಮಾಲಿನವರು, “ನೀವು ನಮ್ಮ ಕೆಲಸದವರಲ್ಲವಲ್ಲ, ಪಾತ್ರೆ ಕಂಪನಿಯವರು. ಅಲ್ಲಿ ಕೇಳಿ,” ಎಂದರು. ಪಾತ್ರೆ ಕಂಪನಿಯವರು, “ಕಟ್ಟಡ ಅವರದು, ನಿಯಮ ಅವರದು. ನಾವೇನು ಮಾಡೋಣ?” ಎಂದರು. ದುಡಿಸಿಕೊಳ್ಳುವಾಗ ಇಬ್ಬರೂ ಒಡೆಯರು; ನೋವಿನ ಮಾತೆತ್ತಿದಾಗ ಒಬ್ಬರೂ ಇಲ್ಲ. ನಮ್ಮ ಕಾಲದ ಜಾಣತನವಿದು. ಹಿಂದಿನ ಜಮೀನ್ದಾರನಿಗೆ ಕನಿಷ್ಠ ಒಂದು ಮುಖವಿರುತ್ತಿತ್ತು, ಅದಕ್ಕೆ ಉಗಿಯಬಹುದಿತ್ತು.

ಆ ಮಾಲಿಗೆ ಕಿಟಕಿಗಳಿಲ್ಲ. ಹೊರಗೆ ಬಿಸಿಲೋ ಕತ್ತಲೋ ಒಳಗಿನವರಿಗೆ ಗೊತ್ತಾಗುವುದಿಲ್ಲ. ಆದರೆ ಮಳೆ ಬಂದರೆ ಗೊತ್ತಾಗುತ್ತದೆ. ಧ್ವನಿವರ್ಧಕಗಳಲ್ಲಿ ಒಂದು ಹಾಡಿನ ರಾಗ ಕೇಳಿಬರುತ್ತದೆ. ಗ್ರಾಹಕರು ತಲೆದೂಗುತ್ತಾರೆ. ಕೆಲಸಗಾರರಿಗೆ ಅದು ಆಜ್ಞೆ: ಕಾಗದದ ಚೀಲಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ಗ್ರಾಹಕರ ಸಾಮಾನು ನೆನೆಯದಿರಲಿ.

ಅಂದು ಶನಿವಾರ ಆ ರಾಗ ಶುರುವಾಯಿತು. ಮಳೆಗೆ ಹೆದರಿದವರೆಲ್ಲ ಮಾಲಿಗೆ ನುಗ್ಗಿದರು. ಬೊರಾ ಹೊದಿಕೆ ತರಲು ನೆಲಮಾಳಿಗೆಗೆ ಇಳಿದಳು. ಮಲ್ಸುನ್‌ಗೆ ಬೆಳಗಿನಿಂದಲೇ ಅವಸರವಾಗಿತ್ತು, ಬೊರಾ ಬಂದ ಮೇಲೆ ಹೋಗೋಣವೆಂದುಕೊಂಡಳು. ಬೊರಾ ಬರಲಿಲ್ಲ. ಸರಕಿನ ಲಿಫ್ಟು ಎಲ್ಲೋ ಕೆಳಗೆ ಸಿಕ್ಕಿಹಾಕಿಕೊಂಡಿತ್ತು. ಎದುರಿಗೆ ಒಬ್ಬ ಯಜಮಾನರು ಪಾತ್ರೆಯ ತೂಕ, ತುಕ್ಕು, ತಳ ಎಂದು ಒಂದೊಂದಾಗಿ ವಿಚಾರಿಸುತ್ತಿದ್ದರು. ಅವಳು ನಗುನಗುತ್ತ ಉತ್ತರಿಸುತ್ತಿದ್ದಳು. ಕಿಬ್ಬೊಟ್ಟೆಯಲ್ಲಿ ಕೆಂಡವಿಟ್ಟಂತೆ ಉರಿ. ಬೆನ್ನ ಮೇಲೆ ತಣ್ಣನೆಯ ಬೆವರು.

“ಇದರಲ್ಲಿ ಗಂಜಿ ಮಾಡಬಹುದೇ?” ಎಂದು ಯಜಮಾನರು ಕೇಳಿದರು.

“ಮಾಡಬಹುದು ಸಾರ್. ಒಂದು ನಿಮಿಷ, ಬಂದೆ.”

ಅವಳು ತಿರುಗಿ, ಚಿನ್ನದಕ್ಷರದ ಬಾಗಿಲನ್ನು ಭುಜದಿಂದ ತಳ್ಳಿ ಒಳಹೊಕ್ಕಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಕುಳಿತಾಗ ಕಣ್ಣಿನಲ್ಲಿ ನೀರು ಬಂತು. ನೋವಿಗೋ, ಸುಖಕ್ಕೋ ಅವಳಿಗೇ ತಿಳಿಯಲಿಲ್ಲ.

ಕೈ ತೊಳೆಯುವಾಗ ಪಕ್ಕದಲ್ಲೊಬ್ಬ ಹೆಂಗಸು ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ಸಮವಸ್ತ್ರವನ್ನು ಕಂಡಳು. ಮುಖ ಕಿವುಚಿದಳು. ಮಲ್ಸುನ್ ಅಭ್ಯಾಸಬಲದಿಂದ ಸೊಂಟ ಬಗ್ಗಿಸಿ, “ಸ್ವಾಗತ, ಗ್ರಾಹಕರೇ,” ಎಂದುಬಿಟ್ಟಳು. ಶೌಚಾಲಯದಲ್ಲಿ! ಯೋಚಿಸಿ ನೋಡಿ, ಆ ಮಾತು ಅವಳ ಎಲುಬಿನೊಳಗೆ ಎಷ್ಟು ಆಳಕ್ಕೆ ಇಳಿದಿರಬೇಕು.

ಸಂಜೆಗೆ ದೂರು ಬಂದಿತ್ತು. ಎಂಟನೇ ಮಹಡಿಯ ಮ್ಯಾನೇಜರ್ ತಾಕ್ ಅವಳನ್ನು ದಾಸ್ತಾನು ಕೋಣೆಗೆ ಕರೆಸಿದ. ಅವನು ಅವಳಿಗಿಂತ ಎಷ್ಟೋ ಚಿಕ್ಕವನು. ಯಾವಾಗಲೂ ಮೆಲ್ಲಗೆ ಮಾತಾಡುವವನು.

“ಮಲ್ಸುನ್ ಅವರೇ, ಗ್ರಾಹಕರೊಬ್ಬರಿಗೆ ನಿಮ್ಮಿಂದ ಮುಜುಗರವಾಗಿದೆ.”

“ಏನಾಯ್ತು ಸಾರ್?”

“ಏನಾಯ್ತು ಅಂತ ನಿಮಗೇ ಗೊತ್ತು.”

“ಗೊತ್ತು. ನಿಮ್ಮ ಬಾಯಲ್ಲಿ ಕೇಳೋಣ ಅಂತ.”

ತಾಕ್ ಕತ್ತಿನ ಟೈ ಸರಿಮಾಡಿಕೊಂಡ. “ನೀವು ಗ್ರಾಹಕರ ಸೌಲಭ್ಯವನ್ನು ಬಳಸಿದ್ದೀರಿ. ಸೋಮವಾರ ಬೆಳಗಿನ ಸಭೆಯಲ್ಲಿ ಎಲ್ಲರೆದುರು ಕ್ಷಮೆ ಕೇಳಬೇಕು. ಇಲ್ಲದಿದ್ದರೆ ನಿಮ್ಮ ಕಂಪನಿಯ ಕಟ್ಟೆಯನ್ನೇ ತೆಗೆಸಬೇಕಾಗುತ್ತದೆ. ಅವರಿಗೂ ತಿಳಿಸಿದ್ದೇನೆ. ಅವರು ಒಪ್ಪಿದ್ದಾರೆ.”

“ನಾನಿನ್ನೂ ಒಪ್ಪಿಲ್ವಲ್ಲ.”

“ನಿಮ್ಮ ಒಪ್ಪಿಗೆ ಕೇಳ್ತಿಲ್ಲ.”

“ಆಯ್ತು ಸಾರ್. ಸಭೆಯಲ್ಲಿ ಏನು ಅಂತ ಹೇಳ್ಲಿ? ಏನು ಮಾಡಿದೆ ಅಂತ?”

“ಅದೇ… ಮೂರನೇ ನಂಬರ್.”

“ಅಂದ್ರೆ?”

ತಾಕ್ ಮತ್ತೆ ಟೈ ಸರಿಮಾಡಿಕೊಂಡ. ಅವನ ಕಿವಿ ಕೆಂಪಾಯಿತು. ಶಾಲೆ ಕಲಿತು, ಪದವಿ ಪಡೆದು, ಮನುಷ್ಯರ ದೇಹವನ್ನು ಅಂಕೆಗಳಲ್ಲಿ ಬಚ್ಚಿಡಲು ಸಂಬಳ ತೆಗೆದುಕೊಳ್ಳುವವನಿಗೆ, ತಾಯಿ ಕಲಿಸಿದ ಒಂದು ಸಾಮಾನ್ಯ ಶಬ್ದ ಬಾಯಿಗೆ ಬರಲಿಲ್ಲ.

ಭಾನುವಾರ ಮಲ್ಸುನ್, ಬೊರಾ, ಚುಂಜಾ ಮೂವರೂ ಸರಕಿನ ಮೆಟ್ಟಿಲ ಮೇಲೆ ಕುಳಿತು ಕಡಲಪಾಚಿ ಸುತ್ತಿದ ಅನ್ನದುಂಡೆ ತಿನ್ನುತ್ತಿದ್ದರು. ಮಲ್ಸುನ್ ತಿನ್ನುತ್ತಿರಲಿಲ್ಲ, ಕೈಯಲ್ಲಿ ಹಿಡಿದಿದ್ದಳು.

“ಒಂದ್ಸಲ ಬಗ್ಗಿಬಿಡು ಅಕ್ಕಾ,” ಎಂದಳು ಬೊರಾ. “ದಿನಾ ಎಷ್ಟು ಸಲ ಬಗ್ತೀವಿ, ಲೆಕ್ಕ ಇದ್ಯಾ? ಅದರಲ್ಲಿ ಇದೂ ಒಂದು. ಬಾಯಿ ಮಾತು ತಾನೇ?”

“ಹೌದು ಕಣೇ. ನಾನೂ ಹಂಗೇ ಅನ್ಕೊಂಡೆ. ಈ ವಯಸ್ಸಲ್ಲಿ ಇನ್ನೆಲ್ಲಿ ಕೆಲಸ ಕೊಡ್ತಾರೆ?”

ಅವಳು ಬಗ್ಗಲು ನಿರ್ಧರಿಸಿಬಿಟ್ಟಿದ್ದಳು. ಇದನ್ನು ಮುಚ್ಚಿಡುವುದು ಸರಿಯಲ್ಲ. ಬಡವರೆಲ್ಲ ಹುಟ್ಟುವಾಗಲೇ ಮುಷ್ಟಿ ಬಿಗಿದುಕೊಂಡು ಬರುವುದಿಲ್ಲ.

ಆಗ ಚುಂಜಾ ತುತ್ತು ನುಂಗಿ, ಎಂದಿನ ಜೋರಿಲ್ಲದೆ ಹೇಳಿದಳು. “ನಿಂಗೊಂದು ಮಾತು ಹೇಳ್ಬೇಕು ಮಲ್ಸುನು. ನಾಳೆಯಿಂದ ನಂಗೆ ಹೊಸ ಕೆಲ್ಸ. ನೆಲಮಹಡಿ ಶೌಚಾಲಯದ್ ಬಾಗ್ಲಲ್ಲಿ ಕಾವಲು. ಸಮವಸ್ತ್ರದೋರು ಯಾರಾದ್ರೂ ಒಳಕ್ಕೆ ಬಂದ್ರೆ ತಾಕ್ ಸಾಹೇಬ್ರಿಗೆ ಹೆಸರು ಹೇಳ್ಬೇಕಂತೆ.”

“ಹೇಳ್ತೀಯಾ ಚುಂಜಕ್ಕಾ?”

“ಹೇಳ್ದೇ ಇದ್ರೆ ನಾನ್ ಮನೇಗೆ. ಹೇಳುದ್ರೆ ನೀವ್ ಮನೇಗೆ.” ಚುಂಜಾ ಅನ್ನದುಂಡೆಯ ಕಾಗದವನ್ನು ಸಣ್ಣಗೆ ಮಡಿಸುತ್ತ ಹೋದಳು. “ಹೋದ್ ವರ್ಸ ನಾನು ಆ ಬಕೀಟಿನ್ ಕೋಣೇಲಿ ನಿಂತಂಗೇ ಮಾಡ್ಕೊಂಡ್‌ಬುಟ್ಟೆ ಕಣವ್ವ. ಕೆಳಕ್ಕೋಗೋಕೆ ಆಗ್ನಿಲ್ಲ. ಒದ್ದೆ ಬಟ್ಟೆಲೇ ಸಂಜೆಗಂಟ ನೆಲ ಒರಸ್ದೆ. ವಾಸ್ನೆ ಬಂದಾತು ಅಂತ ಹೂವಿಂದು ಮೈಮ್ಯಾಗೆಲ್ಲ ಹೊಡ್ಕೊಂಡೆ. ಯಾರ್‌ಗೂ ಹೇಳಿರ್ನಿಲ್ಲ.”

ಬೊರಾ ತಲೆ ತಗ್ಗಿಸಿದಳು. “ನಾನು ಮುಟ್ಟಿನ ದಿನಗಳಲ್ಲಿ ದೊಡ್ಡ ಡಯಾಪರ್ ಹಾಕ್ಕೊಂಡು ಬರ್ತೀನಿ. ಮುದುಕೀರು ಹಾಕ್ಕೊಳ್ಳೋದು,” ಎಂದಳು. ಅವಳ ವಯಸ್ಸಿನ್ನೂ ಇಪ್ಪತ್ತು ಚಿಲ್ಲರೆ.

ಮಲ್ಸುನ್ ಅನ್ನದುಂಡೆಯನ್ನು ಮಡಿಲಲ್ಲಿಟ್ಟುಕೊಂಡಳು. ಪಕ್ಕಪಕ್ಕದಲ್ಲಿ ನಿಂತು ಇಷ್ಟು ವರ್ಷ ದುಡಿದವರು, ಒಬ್ಬೊಬ್ಬರೂ ತಮ್ಮದೇ ಒಂದು ಅವಮಾನವೆಂದು ಬಚ್ಚಿಟ್ಟುಕೊಂಡು ಓಡಾಡಿದ್ದರು. ಅದು ಅವಮಾನವಾಗಿರಲಿಲ್ಲ, ಅನ್ಯಾಯವಾಗಿತ್ತು. ನಾಳೆ ತಾನು ಬಗ್ಗಿದರೆ ಚುಂಜಾಳ ಒದ್ದೆ ಬಟ್ಟೆಗೂ ಈ ಹುಡುಗಿಯ ಡಯಾಪರಿಗೂ ತಾನೇ ಕ್ಷಮೆ ಕೇಳಿದಂತೆ. ಸೊಂಟ ತನ್ನದು, ಬಗ್ಗಿಸಬಹುದು. ಅವರ ಸೊಂಟವನ್ನು ಬಗ್ಗಿಸಲು ತನಗೇನು ಅಧಿಕಾರ?

“ಟೀ ಇದ್ಯೇನೇ ಬೊರಾ?” ಎಂದು ಕೇಳಿದಳು.

“ಇದೆ. ನೀನು ಕುಡಿಯಲ್ವಲ್ಲ?”

“ಕೊಡು. ಇವತ್ತು ಕುಡೀತೀನಿ.”

ಸೋಮವಾರಗಳಂದು ಎಲ್ಲ ಮಹಡಿಗಳವರೂ ನೆಲಮಹಡಿಗೆ ಇಳಿಯಬೇಕು. ಮುಖ್ಯ ಬಾಗಿಲಿನ ಎರಡೂ ಬದಿಯಲ್ಲಿ ಸಾಲಾಗಿ ನಿಂತು ಘೋಷಣೆ ಕೂಗಬೇಕು. ಸಂಗೀತ ಶುರುವಾಗಿ ಬಾಗಿಲು ತೆರೆದೊಡನೆ, ಮೊದಲು ಬರುವ ಗ್ರಾಹಕರಿಗೆ ಒಂದೇ ಏಟಿಗೆ ಸೊಂಟ ಬಗ್ಗಿಸಿ ನಮಸ್ಕರಿಸಬೇಕು. ಗಾಜಿನಾಚೆ ಜನ ಆಗಲೇ ಕಾಯುತ್ತಿದ್ದರು.

ಘೋಷಣೆಗಳು ಮುಗಿದವು. “ಎಂಟನೇ ಮಹಡಿಯ ಮಲ್ಸುನ್ ಅವರು ಎರಡು ಮಾತು ಹೇಳುತ್ತಾರೆ,” ಎಂದ ತಾಕ್.

ಮಲ್ಸುನ್ ಮುಂದೆ ಬಂದಳು. ಬಂದರಿನಲ್ಲಿ ದೋಣಿಯಿಂದ ದೋಣಿಗೆ ಕೂಗಿ ಬೆಳೆದ ಅವಳ ದನಿ, ಇಷ್ಟು ವರ್ಷ ಪಿಸುಮಾತಾಗಿದ್ದ ದನಿ, ತಾನಾಗಿ ಮೇಲೇರಿತು.

“ಶನಿವಾರ ನಾನು ಉಚ್ಚೆ ಹೊಯ್ದೆ.”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮರುಕ್ಷಣ ಸದ್ದಡಗಿತು.

“ಮಲ್ಸುನ್ ಅವರೇ!” ಎಂದ ತಾಕ್.

“ಇರಿ ಸಾರ್, ಹೇಳು ಅಂದ್ರಿ, ಹೇಳ್ತಿದೀನಿ. ಗ್ರಾಹಕರ ಶೌಚಾಲಯದಲ್ಲಿ ಹೊಯ್ದೆ. ನೀರು ಹಾಕಿ, ಕೈ ತೊಳೆದು ಬಂದೆ. ಕ್ಷಮೆ ಕೇಳು ಅಂತ ಹೇಳಿದಾರೆ. ಎರಡು ದಿನದಿಂದ ಇದರಲ್ಲಿ ತಪ್ಪು ಯಾವುದು ಅಂತ ಹುಡುಕ್ತಾ ಇದೀನಿ. ಸಿಕ್ತಾ ಇಲ್ಲ. ನಿಮಗ್ಯಾರಿಗಾದ್ರೂ ಸಿಕ್ಕಿದ್ರೆ ಹೇಳಿ, ಈಗಲೇ ಬಗ್ತೀನಿ.”

ಅವಳು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದಳು.

“ಯಾರಿಗೂ ಸಿಗಲಿಲ್ಲ. ಸರಿ. ನನಗೀಗ ಮತ್ತೆ ಬಂದಿದೆ. ಹೋಗಿ ಬರ್ತೀನಿ.”

ಅವಳು ನಡೆದಳು. ಸರಕಿನ ಮೆಟ್ಟಿಲ ಕಡೆಗಲ್ಲ, ನೆಲಮಹಡಿಯ ಗ್ರಾಹಕರ ಶೌಚಾಲಯದ ಕಡೆಗೆ. ಅಲ್ಲಿನ ಚಿನ್ನದಕ್ಷರದ ಬಾಗಿಲ ಬಳಿ ಚುಂಜಾ ಕಾವಲು ನಿಂತಿದ್ದಳು.

“ಚುಂಜಾ ಅವರೇ, ತಡೆಯಿರಿ! ಒಳಗೆ ಹೋದವರ ಹೆಸರು ಹೇಳಿ!” ಎಂದು ತಾಕ್ ಕೂಗಿದ. ಅವನು ಕೂಗಿದ್ದನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

ಚುಂಜಾ ಕೈಯಲ್ಲಿದ್ದ ಒರಸುಕೋಲನ್ನು ಗೋಡೆಗೆ ಒರಗಿಸಿದಳು. “ಹೇಳ್ತೀನಿ ಸಾಹೇಬ್ರೇ. ಮೊದುಲ್ನೇ ಹೆಸ್ರು, ಚುಂಜಾ.” ಹೀಗೆಂದು ಮಲ್ಸುನ್‌ಗಿಂತ ಮೊದಲು ತಾನೇ ಒಳಗೆ ಹೋದಳು.

ಬೊರಾ ಸಾಲು ಬಿಟ್ಟು ಬಂದು ಮಲ್ಸುನಳ ಹಿಂದೆ ನಿಂತಳು. “ನನಗೆ ಬಂದಿಲ್ಲ ಅಕ್ಕಾ,” ಎಂದು ಪಿಸುಗುಟ್ಟಿದಳು. “ಆದ್ರೂ ನಿಲ್ತೀನಿ.”

“ನಿಂತ್ಕೋ. ನಿಂತ್ರೆ ಬರುತ್ತೆ.”

ಸುಗಂಧ ಮಾರುವ ಇಬ್ಬರು ಬಂದರು. ಬೂಟಿನ ಕಟ್ಟೆಯ ಬಸುರಿ ಬಂದಳು. ಅವಳನ್ನು ಎಲ್ಲರೂ ಮುಂದಕ್ಕೆ ತಳ್ಳಿದರು. ಆಹಾರ ಮಳಿಗೆಯವರು ಏಪ್ರನ್ನಿನ ದಾರ ಬಿಚ್ಚುತ್ತ ಬಂದರು. ಎಲ್ಲರೂ ಬರಲಿಲ್ಲ. ಹಲವರು ಕಣ್ಣು ನೆಲಕ್ಕೆ ನೆಟ್ಟು ನಿಂತಲ್ಲೇ ನಿಂತರು, ಅವರ ಮನೆಗಳಲ್ಲೂ ಒಲೆ ಉರಿಯಬೇಕು. ಬಂದವರ ಸಾಲೇ ತೂಗುದೀಪದ ಕೆಳಗಿನಿಂದ ಕಾರಂಜಿಯವರೆಗೆ ಬೆಳೆಯಿತು.

ಆಗ ಸಂಗೀತ ಶುರುವಾಯಿತು. ಬಾಗಿಲುಗಳು ತೆರೆದವು. ಗ್ರಾಹಕರು ಒಳಬಂದು, ಎಂದಿನಂತೆ ಎರಡೂ ಬದಿ ಬಗ್ಗುವ ತಲೆಗಳಿಗಾಗಿ ನೋಡಿದರು. ಸಾಲು ಹರಿದಿತ್ತು. ಬಗ್ಗಿದವರ ನಡುವೆ ದೊಡ್ಡ ದೊಡ್ಡ ಖಾಲಿ ಜಾಗಗಳಿದ್ದವು. ಅದರಾಚೆ, ಚಿನ್ನದಕ್ಷರದ ಬಾಗಿಲೆದುರು, ಸಮವಸ್ತ್ರದ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು.

ಊರುಗೋಲು ಹಿಡಿದ ಮುದುಕಿಯೊಬ್ಬಳು ಸೀದಾ ಅಲ್ಲಿಗೆ ಬಂದಳು. “ಇದು ಒಳಕ್ಕೆ ಹೋಗೋ ಲೈನಾ?”

“ಹೌದು ಅಜ್ಜಿ. ನೀವು ಗ್ರಾಹಕರು, ಮುಂದೆ ಹೋಗಿ,” ಎಂದಳು ಬೊರಾ.

“ಯಾಕೆ? ನಿಮಗೇನು ಬೇರೆ ತರ ಬರುತ್ತಾ?” ಎಂದು ಮುದುಕಿ ಸಾಲಿನ ಕೊನೆಯಲ್ಲಿ ನಿಂತಳು.

ಸಾಲಿನುದ್ದಕ್ಕೂ ನಗು ಹರಡಿತು. ಈ ಸಲ ಯಾರೂ ತೊಡೆ ಬಿಗಿಹಿಡಿಯಲಿಲ್ಲ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಿಮಗೆ ಸಮಾಧಾನವಾಗಬಹುದು. ನಿಮ್ಮನ್ನು ಸಮಾಧಾನಪಡಿಸಲು ನಾನು ಬರೆಯುತ್ತಿಲ್ಲ. ಅಂದು ಮಧ್ಯಾಹ್ನವೇ ಪಾತ್ರೆ ಕಂಪನಿಯು ಮಲ್ಸುನಳಿಗೆ ವಿಶ್ರಾಂತಿ ತೆಗೆದುಕೊಳ್ಳಲು ತಿಳಿಸಿತು. ಎಷ್ಟು ದಿನವೆಂದು ಹೇಳಲಿಲ್ಲ. ಚುಂಜಾಳನ್ನು ವಾಹನ ನಿಲುಗಡೆಯ ನೆಲ ಗುಡಿಸಲು ಹಾಕಿದರು. ಸಾಲಿನಲ್ಲಿ ನಿಂತವರಿಗೆಲ್ಲ ಎಚ್ಚರಿಕೆ ಕೊಟ್ಟರು. ಆದರೂ ಮರುದಿನ ಬೆಳಿಗ್ಗೆ ಆ ಬಾಗಿಲೆದುರು ಸಾಲಿತ್ತು. ಅದರ ಮರುದಿನವೂ ಇತ್ತು. ನಿಂತಲ್ಲೇ ನಿಂತಿದ್ದವರಲ್ಲಿ ಕೆಲವರು ಈಗ ಆ ಸಾಲಿಗೆ ಬಂದಿದ್ದಾರೆ. ವಿಶ್ರಾಂತಿಯಲ್ಲಿರುವ ಮಲ್ಸುನ್ ಸಮವಸ್ತ್ರವಿಲ್ಲದೆ, ಮುಖ್ಯ ಬಾಗಿಲಿನಿಂದ, ಗ್ರಾಹಕಳಂತೆಯೇ ಬರುತ್ತಾಳೆ. ಎಲ್ಲರ ಹಿಂದೆ ನಿಲ್ಲುತ್ತಾಳೆ. ತಡೆಯಲು ಬಂದ ಕಾವಲುಗಾರನಿಗೆ, “ಒಂದು ಚಮಚ ಕೊಳ್ತೀನಿ ಕಣಪ್ಪ, ಬಿಡು,” ಎನ್ನುತ್ತಾಳೆ.

ಮಾಲಿನವರು ಈಗ ಹೊಸದೊಂದು ಉಪಾಯ ಹೂಡಿದ್ದಾರೆ. ಹೊರಹೋಗುವ ಬಾಗಿಲ ಬಳಿ ಒಂದು ಸ್ಪರ್ಶಪರದೆ ನಿಲ್ಲಿಸಿದ್ದಾರೆ. ಅದರ ಮೇಲೆ ಪ್ರಶ್ನೆಯಿದೆ: ‘ಕೆಲಸಗಾರರು ಗ್ರಾಹಕರ ಶೌಚಾಲಯವನ್ನು ಬಳಸುವುದರಿಂದ ತಮಗೆ ತೊಂದರೆಯಾಗುತ್ತಿದೆಯೇ?’ ಕೆಳಗೆ ‘ಹೌದು’, ‘ಇಲ್ಲ’ ಎಂಬ ಎರಡು ಗುಂಡಿಗಳು. ಗ್ರಾಹಕರು ಹೇಗೆ ಹೇಳುತ್ತಾರೋ ಹಾಗೆ ಮಾಡುತ್ತೇವೆ ಎಂದು ಸಾರಿದ್ದಾರೆ. ಮಲ್ಸುನಳ ಕೆಲಸವನ್ನು, ಬೊರಾಳ ದೇಹವನ್ನು, ಚುಂಜಾಳ ಮುಪ್ಪನ್ನು ನಿಮ್ಮ ಬೆರಳ ತುದಿಗೆ ತಂದಿಟ್ಟು, ತಾವು ಕೈ ತೊಳೆದುಕೊಂಡಿದ್ದಾರೆ. ನೋಡಿಯೂ ನೋಡದಂತೆ, ಚೀಲ ಹಿಡಿದು, ಹಾಗೇ ಹೊರಗೆ ನಡೆದುಬಿಡುವವರೇ ಹೆಚ್ಚು, ಆಗ ಮುಖ ಕಿವುಚುವ ಕೆಲವರ ‘ಹೌದು’ ಮಾತ್ರ ಲೆಕ್ಕಕ್ಕೆ ಉಳಿಯುತ್ತದೆ ಎಂಬ ನಂಬಿಕೆ ಅವರಿಗಿದೆ.

ನೀವು ಹಾಗೆ ನಡೆದುಬಿಡಬೇಡಿ. ಚೀಲವನ್ನು ಕೆಳಗಿಡಿ. ಪ್ರಶ್ನೆಯನ್ನು ಪೂರ್ತಿ ಓದಿ. ‘ಇಲ್ಲ’ ಎಂಬುದನ್ನು ಒತ್ತಿ. ಆಮೇಲೆ ಆ ಪರದೆಯ ಪಕ್ಕ ನಿಂತು, ನಿಮ್ಮ ಹಿಂದೆ ಬರುವವರ ತೋಳು ಹಿಡಿದು, ಅವರನ್ನೂ ನಿಲ್ಲಿಸಿ.